ಚಳಿಗಾಲದ ಹಿತ್ತಲು

ದೀಪಾವಳಿ ಕಳೆದು, ಕಾರ್ತಿಕದ ದೀಪಗಳು ಮನೆಮನೆಯ ಹೊಸ್ತಿಲಲ್ಲಿ ಉರಿಯತೊಡಗಿದವೆಂದರೆ ನಮ್ಮ ಗೃಹಸ್ಥರು ಪೆಟ್ಟಿಗೆಯೊಳಗಿನ ಶಾಲು ಕಂಬಳಿಗಳನ್ನು ಹೊರಕ್ಕೆ ತೆಗೆಯುವರು. ಗುದ್ದಲಿ ಕುಡುಗೋಲುಗಳನ್ನು ಮೂಲೆಗೆ ಸೇರಿಸುವರು. ಚಳಿಗಾಲವೆಂದರೆ ಗಿಡಗಳಿಗೆ ಕಷ್ಟಕಾಲವೆಂದೂ, ಶಿವರಾತ್ರಿ ಕಳೆಯುವವರೆಗೆ ಅಭ್ಯಾಸದಂತೆ ದಿನಕ್ಕೆ ನಾಲ್ಕು ಚೊಂಬು ನೀರನ್ನು ಹಾಕಿಕೊಂಡಿದ್ದರೆ ಸಾಕೆಂದೂ ನಮ್ಮವರಲ್ಲಿ ಒಂದು ನಂಬಿಕೆಯುಂಟು. ಆದರೆ ನಿಜಸ್ಥಿತಿ ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿರುವುದು. ಮೈಸೂರು ಬೆಂಗಳೂರುಗಳಿರುವ ಈ ಎತ್ತರದ ಬಯಲುಸೀಮೆಯಲ್ಲಿ ಹಿತ್ತಲ ಕೆಲಸಕ್ಕೆ ಚಳಿಗಾಲದಷ್ಟು ಒಳ್ಳೆಯ ಕಾಲ ಮತ್ತೊಂದಿಲ್ಲ. ಈ ಕಾಲದಲ್ಲಿ ಮನೆಯ ಗಿಡಗಳು ಸಾಯುವುದೂ ಉಂಟು. ಆದರೆ ಅವುಗಳನ್ನು ಕೊಲ್ಲುವುದು ಚಳಿಯಲ್ಲ, ನಾವು ಅಭ್ಯಾಸದಂತೆ ಹಾಕಿದ ಆ ನಾಲ್ಕು ಚೊಂಬು ನೀರು.

ಈ ಪಾಠವನ್ನು ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮ ಮನೆಯಲ್ಲಿಯೇ, ತಕ್ಕಮಟ್ಟಿಗೆ ನಾಚಿಕೆಪಟ್ಟು ಕಲಿತೆವು. ಆದುದರಿಂದ ಮೊದಲು ಆ ಸಂಗತಿಯನ್ನೇ ಹೇಳುವೆವು.

ನಮ್ಮ ಮನೆ ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿದೆ. ಹಿಂಭಾಗದಲ್ಲಿ ಸಣ್ಣದೊಂದು ಹಿತ್ತಲು. ಅದರ ನಡುವೆ ತುಲಸಿಯ ಬೃಂದಾವನ. ಕೆಲವು ವರ್ಷಗಳ ಹಿಂದೆ ನಮ್ಮ ತಮ್ಮನಿಗೆ ಮದುವೆಯಾಗಿ, ಚಿಕ್ಕಬಳ್ಳಾಪುರದ ಕಡೆಯ ಹೂವಿನ ತೋಟಗಾರರ ಮನೆಯ ಹುಡುಗಿ ನಮ್ಮ ಮನೆಗೆ ಸೊಸೆಯಾಗಿ ಬಂದಳು. ಆ ವರ್ಷ ಉತ್ಥಾನ ದ್ವಾದಶಿಯ ತುಲಸೀಪೂಜೆಯನ್ನು ನಮ್ಮ ತಾಯಿಯವರು ಎಂದಿಗಿಂತಲೂ ವಿಜೃಂಭಣೆಯಿಂದ ಮಾಡಿದರು. ಕಾಯಿ ತುಂಬಿದ ನೆಲ್ಲಿಯ ಟೊಂಗೆಯನ್ನು ತುಲಸಿಯ ಬುಡದಲ್ಲಿ ನೆಟ್ಟು, ದೀಪಗಳ ಸಾಲನ್ನಿಟ್ಟು, ಹೊಸ ಸೊಸೆಯಿಂದ ಆರತಿ ಎತ್ತಿಸಿದರು. ಗಿಡವಾದರೋ ಆಳೆತ್ತರ ಬೆಳೆದು ನಳನಳಿಸುತ್ತಿದ್ದಿತು.

ಮಾರ್ಗಶಿರದಲ್ಲಿ ಎಲೆ ಹಳದಿಗೆ ತಿರುಗಿತು. ಪುಷ್ಯದಲ್ಲಿ ಎಲೆಯೆಲ್ಲ ಉದುರಿ ಕಡ್ಡಿಗಳು ಮಾತ್ರ ಉಳಿದವು. ನಮ್ಮ ತಾಯಿಯವರು ಬೆಳಗಿನ ಒಂದು ಚೊಂಬು ನೀರಿಗೆ ಸಂಜೆಯ ಒಂದು ಚೊಂಬನ್ನು ಸೇರಿಸಿದರು, ಹಾಲನ್ನು ಎರೆದರು, ಪ್ರದಕ್ಷಿಣೆಗಳನ್ನು ಹೆಚ್ಚಿಸಿದರು. ಗಿಡ ಚಿಗುರಲಿಲ್ಲ. ಧನುರ್ಮಾಸದ ಪೂಜೆಗೆ ಬಂದಿದ್ದ ಬಂಧುಗಳೊಬ್ಬರು ಹಿತ್ತಲನ್ನು ನೋಡಿ, “ಹೊಸ ಸೊಸೆ ಕಾಲಿಟ್ಟ ವರ್ಷವೇ ಬೃಂದಾವನ ಬರಿದಾಯಿತಲ್ಲ!” ಎಂದುಬಿಟ್ಟರು. ಆ ಮಾತು ಅಡಿಗೆಮನೆಯವರೆಗೆ ಕೇಳಿಸಿತು. ನಮ್ಮ ತಾಯಿಯವರು ಅದಕ್ಕೆ ಹೌದೆನ್ನಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ನಾವೂ ಸುಮ್ಮನಿದ್ದೆವು. ಆ ದಿನದಿಂದ ಹುಡುಗಿ ಹಿತ್ತಲ ಬಾಗಿಲಿಗೆ ಹೋಗುವುದನ್ನೇ ಬಿಟ್ಟಳು.

ತುಲಸಿ ಚಳಿಗೆ ಸತ್ತಿತೆಂದು ನಾವು ಮನಸ್ಸಿನಲ್ಲಿ ಸಮಾಧಾನ ಮಾಡಿಕೊಂಡೆವು. ಆದರೆ ನಮ್ಮ ಚಳಿ ಎಷ್ಟರದೆಂಬುದನ್ನು ಸ್ವಲ್ಪ ವಿಚಾರಿಸಿ ನೋಡೋಣ. ಬೆಂಗಳೂರು ಸಮುದ್ರಮಟ್ಟಕ್ಕೆ ಸುಮಾರು ೩,೦೦೦ ಅಡಿ ಎತ್ತರದಲ್ಲಿಯೂ, ಮೈಸೂರು ಸುಮಾರು ೨,೫೦೦ ಅಡಿ ಎತ್ತರದಲ್ಲಿಯೂ ಇರುವುವು. ಡಿಸೆಂಬರ್ ಜನವರಿ ತಿಂಗಳುಗಳ ಬೆಳಗಿನ ಜಾವದಲ್ಲಿ ಇಲ್ಲಿಯ ಉಷ್ಣತೆ ಸಾಮಾನ್ಯವಾಗಿ ೧೫-೧೬ ಡಿಗ್ರಿ ಸೆಂಟಿಗ್ರೇಡಿಗೆ ಇಳಿಯುವುದು. ಮಧ್ಯಾಹ್ನದ ಹೊತ್ತಿಗೆ ೨೭ರ ಸುಮಾರಿಗೆ ಏರುವುದು. ಬೆಂಗಳೂರಿನ ದಾಖಲೆಗಳಲ್ಲಿ ಅತ್ಯಂತ ಚಳಿಯ ದಿನವೆನಿಸಿದ ೧೮೮೪ನೆಯ ಜನವರಿ ೧೩ರಂದು ಕೂಡ ಉಷ್ಣತೆ ೭.೮ ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಬೀದರ್, ವಿಜಯಪುರಗಳ ಕಡೆ ರಾತ್ರಿಯ ಚಳಿ ಇದಕ್ಕಿಂತ ತೀಕ್ಷ್ಣ. ಕರಾವಳಿಯಲ್ಲಿಯೋ ಚಳಿಯೆಂಬುದೇ ಹೆಸರಿಗೆ ಮಾತ್ರ. ದೆಹಲಿಯಂತಹ ಉತ್ತರದ ಊರುಗಳಲ್ಲಿ ಚಳಿ ಗಿಡಗಳನ್ನು ನಿಜವಾಗಿಯೂ ಸುಡುವುದು. ಅಲ್ಲಿಯ ಗೃಹಿಣಿಯರು ರಾತ್ರಿಯ ಹೊತ್ತು ತುಲಸಿಗೆ ಬಟ್ಟೆ ಹೊದಿಸುವುದುಂಟು. ನಮ್ಮಲ್ಲಿ ಚಳಿ ಗಿಡಗಳ ಬೆಳವಣಿಗೆಯನ್ನು ನಿಧಾನಗೊಳಿಸುವುದೇ ಹೊರತು ಅವುಗಳ ಪ್ರಾಣವನ್ನು ತೆಗೆಯುವಷ್ಟು ಪ್ರಬಲವಾದುದಲ್ಲ.

ಹಾಗಾದರೆ ಗಿಡ ಏಕೆ ಸಾಯುವುದು? ಬೇರುಗಳೂ ಉಸಿರಾಡುವುವೆಂಬುದನ್ನು ನಾವು ಮರೆಯುತ್ತೇವೆ. ಮಣ್ಣಿನ ಕಣಗಳ ನಡುವೆ ಸಣ್ಣ ಸಣ್ಣ ಎಡೆಗಳಿವೆ. ಅವುಗಳಲ್ಲಿ ಸ್ವಲ್ಪ ನೀರೂ ಸ್ವಲ್ಪ ಗಾಳಿಯೂ ಇರಬೇಕು. ಬೇಸಗೆಯಲ್ಲಿ ನಾವು ಹಾಕಿದ ನೀರಿನಲ್ಲಿ ಕೆಲವು ಭಾಗವನ್ನು ಗಿಡ ಹೀರುವುದು, ಕೆಲವು ಭಾಗವನ್ನು ಬಿಸಿಲು ಹೀರುವುದು. ಹೀಗೆ ಆ ಎಡೆಗಳು ಬೇಗನೆ ತೆರವಾಗುವುವು. ಚಳಿಗಾಲದಲ್ಲಿ ಇವೆರಡೂ ಕಡಮೆ. ನಿನ್ನೆಯ ನೀರು ಇಂಗುವ ಮೊದಲೇ ಇಂದಿನ ನೀರು ಬರುವುದರಿಂದ ಗಾಳಿಗೆ ಎಡೆಯಿಲ್ಲದೆ ಬೇರುಗಳು ಉಸಿರುಕಟ್ಟಿ ಕೊಳೆಯತೊಡಗುವುವು; ಕೊಳೆತ ಬೇರಿಗೆ ಬೂಷ್ಟು ಹತ್ತುವುದು. ಬೇರು ಕೊಳೆತ ಗಿಡ ನೀರನ್ನು ಹೀರಲಾರದು. ಆದುದರಿಂದ ನೀರಿನ ನಡುವೆಯೇ ನಿಂತಿದ್ದರೂ ಬಾಯಾರಿದ ಗಿಡದಂತೆ ಜೋಲುಬೀಳುವುದು. ಅದನ್ನು ನೋಡಿ ಮನೆಯವರು ಮರುಕದಿಂದ ಮತ್ತೊಂದು ಚೊಂಬು ನೀರನ್ನು ಹಾಕುವರು. ರೋಗಕ್ಕೆ ಕಾರಣವಾದುದನ್ನೇ ಔಷಧವೆಂದು ಕೊಟ್ಟಂತಾಯಿತು!

ಆದುದರಿಂದ ಚಳಿಗಾಲದಲ್ಲಿ ನೀರೆರೆಯುವುದಕ್ಕೆ ಗಡಿಯಾರವನ್ನೂ ಪಂಚಾಂಗವನ್ನೂ ನೋಡಬೇಕಾದುದಿಲ್ಲ, ಮಣ್ಣನ್ನು ನೋಡಬೇಕು. ಕೈಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿರಿ. ಬೆರಳಿಗೆ ತಂಪು ತಗುಲಿದರೆ ಆ ದಿನ ನೀರು ಬೇಡ. ಒಣಗಿದ್ದರೆ ಕುಂಡದ ತಳದಿಂದ ಹರಿದು ಬರುವವರೆಗೆ ಚೆನ್ನಾಗಿ ಎರೆದು, ಮತ್ತೆ ಒಣಗುವವರೆಗೆ ಬಿಡಿರಿ. ದಿನಕ್ಕಿಷ್ಟು ಎಂದು ಮೇಲೆ ಮೇಲೆ ಚಿಮುಕಿಸುವುದಕ್ಕಿಂತ ಈ ಕ್ರಮ ಮೇಲು. ಬೆಳಿಗ್ಗೆ ಬಿಸಿಲೇರಿದ ಮೇಲೆ ನೀರೆರೆಯುವುದು ಒಳ್ಳೆಯದು. ಸಂಜೆ ಎರೆದ ನೀರು ಎಲೆಯ ಮೇಲೂ ಮಣ್ಣಿನಲ್ಲಿಯೂ ರಾತ್ರಿಯೆಲ್ಲ ತಣ್ಣಗೆ ನಿಲ್ಲುವುದು. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಆಗಾಗ್ಗೆ ಚೆಲ್ಲಿಬಿಡತಕ್ಕದ್ದು. ಡೆಂಗ್ಯೂ ಜ್ವರವನ್ನು ಹರಡುವ ಸೊಳ್ಳೆಗೆ ಒಂದು ಮೊಟ್ಟೆಯಿಂದ ರೆಕ್ಕೆ ಬಲಿತು ಹಾರುವುದಕ್ಕೆ ಅಂತಹ ಒಂದು ತಟ್ಟೆಯ ನೀರು, ಏಳೆಂಟು ದಿನಗಳ ಕಾಲ, ಇಷ್ಟಿದ್ದರೆ ಸಾಕು.

ನೀರಿನಂತೆಯೇ ಬಿಸಿಲಿನ ಲೆಕ್ಕವನ್ನೂ ಈ ಕಾಲದಲ್ಲಿ ಹೊಸದಾಗಿ ಹಾಕಬೇಕು. ನಮ್ಮ ಸೀಮೆಯಲ್ಲಿ ಜೂನ್ ತಿಂಗಳ ಮಧ್ಯಾಹ್ನದ ಸೂರ್ಯನು ನೆತ್ತಿಯಿಂದ ಸ್ವಲ್ಪ ಉತ್ತರಕ್ಕಿರುವನು. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ಬಹುದೂರ ಓರೆಯಾಗಿರುವನು. ಇದರ ಫಲವೇನೆಂದರೆ, ಹಿತ್ತಲಿನ ದಕ್ಷಿಣಕ್ಕೆ ೧೦ ಅಡಿಯ ಗೋಡೆಯಿದ್ದರೆ ಡಿಸೆಂಬರಿನ ನಡುಹಗಲಿನಲ್ಲಿಯೂ ಅದರ ನೆರಳು ಏಳು ಅಡಿಗೂ ಮೇಲ್ಪಟ್ಟು ಹಿತ್ತಲೊಳಕ್ಕೆ ಚಾಚುವುದು. ಜೂನ್ ತಿಂಗಳಲ್ಲಿ ಅದೇ ಗೋಡೆ ನಡುಹಗಲಿನಲ್ಲಿ ಹಿತ್ತಲಿಗೆ ಕಿಂಚಿತ್ತೂ ನೆರಳು ಕೊಡದು. ಬೇಸಗೆಯಲ್ಲಿ ಬಿಸಿಲು ಕಾಯುತ್ತಿದ್ದ ಜಾಗ ಚಳಿಗಾಲದಲ್ಲಿ ನೆರಳಾಗುವುದೂ, ದಕ್ಷಿಣದ ಜಗಲಿಯೂ ಬಾಲ್ಕನಿಯೂ ದಿನವೆಲ್ಲ ಬೆಳಗುವುದೂ ಈ ಕಾರಣದಿಂದಲೇ. ಕುಂಡಗಳಿಗೆ ಕಾಲಿಲ್ಲ, ನಮಗುಂಟು. ಕಾರ್ತಿಕಮಾಸದಲ್ಲಿ ಒಂದು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತು ಹಿತ್ತಲಿಗೋ ತಾರಸಿಗೋ ಹೋಗಿ ಬಿಸಿಲು ಎಲ್ಲಿ ಬಿದ್ದಿದೆಯೆಂದು ನೋಡಿ, ಬಿಸಿಲು ಬೇಡುವ ಗಿಡಗಳನ್ನು ಅಲ್ಲಿಗೆ ಸರಿಸಿದರೆ ಚಳಿಗಾಲದ ಅರ್ಧ ಕೆಲಸವಾದಂತೆಯೇ ಸರಿ.

ಈಗ ನಮ್ಮ ಬೃಂದಾವನದ ಕಥೆಗೆ ಮರಳುವೆವು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಆ ಹುಡುಗಿ ಧೈರ್ಯಮಾಡಿ ನಮ್ಮ ತಾಯಿಯವರ ಬಳಿ ನಿಂತು, “ಅಮ್ಮ, ತಾವು ಅಪ್ಪಣೆ ಕೊಟ್ಟರೆ ಒಂದು ಸಲ ಬೃಂದಾವನದ ಮಣ್ಣನ್ನು ತೆಗೆದು ನೋಡುತ್ತೇನೆ” ಎಂದಳು. ತಾಯಿಯವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅನಂತರ, “ಇಂದು ಶುಕ್ರವಾರ, ಬೇಡ. ನಾಳೆ ಸ್ನಾನವಾದ ಮೇಲೆ ನೋಡಮ್ಮ” ಎಂದರು.

ಮರುದಿನ ಮಣ್ಣನ್ನು ತೆಗೆದಾಗ ನಾವೆಲ್ಲರೂ ಅಲ್ಲಿದ್ದೆವು. ಮೇಲಿನ ನಾಲ್ಕು ಬೆರಳಿನಷ್ಟು ಮಣ್ಣು ಮಾತ್ರ ಮಣ್ಣಾಗಿದ್ದಿತು. ಕೆಳಗೆಲ್ಲ ಕಪ್ಪು ಕೆಸರು. ಚರಂಡಿಯ ವಾಸನೆ ಮೂಗಿಗೆ ಬಡಿಯಿತು. ಬೇರುಗಳನ್ನು ಹಿಡಿದರೆ ಸಿಪ್ಪೆ ಕೈಗೆ ಜಾರಿ ಬರುತ್ತಿದ್ದಿತು. ನೆಲ್ಲಿಯ ಟೊಂಗೆಯ ಮೊನೆ ತುಲಸಿಯ ತಾಯಿಬೇರನ್ನು ಒಂದು ಕಡೆ ಸೀಳಿದ್ದಿತು. ಹುಡುಗಿ ಕೆಸರನ್ನೆಲ್ಲ ಬಗೆದು ತೆಗೆದು, ತಳವನ್ನು ಕೈಯಿಂದ ತಡವಿ, “ನೀರು ಹೋಗುವುದಕ್ಕೆ ತೂತೇ ಇಲ್ಲವಲ್ಲ!” ಎಂದಳು.

ತೂತು ಇದ್ದಿತು. ಮದುವೆಯ ಸಂಭ್ರಮಕ್ಕೆಂದು ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ಬೃಂದಾವನದ ಬುಡದಿಂದ ಕೆಸರುನೀರು ಜಿನುಗಿ ಹೊಸ ಬಣ್ಣ ಕೆಡುವುದೆಂದು ಗಾರೆಯವನಿಂದ ಅದನ್ನು ಮುಚ್ಚಿಸಿದವರು ನಾವೇ. ಆ ಹುಡುಗಿಯನ್ನು ಬರಮಾಡಿಕೊಳ್ಳುವುದಕ್ಕೆಂದು ಮಾಡಿದ ಕೆಲಸವೇ ಗಿಡವನ್ನು ಕೊಂದಿತು. ಅಪವಾದ ಮಾತ್ರ ಅವಳ ತಲೆಯ ಮೇಲೆ ಬಿದ್ದಿತು. ಅದೇ ವರ್ಷ ದಕ್ಷಿಣದ ನೆರೆಮನೆಯವರು ಕಟ್ಟಿಸಿದ ಮಹಡಿಯ ನೆರಳೂ ಬೃಂದಾವನದ ಮೇಲೆ ಬೀಳುತ್ತಿದ್ದಿತೆಂಬುದನ್ನು ಆಮೇಲೆ ಗಮನಿಸಿದೆವು. ನೀರು ಹೊರಹೋಗದ ತಳ, ಬಿಸಿಲು ಬೀಳದ ಮೈ, ದಿನಕ್ಕೆರಡು ಚೊಂಬು ನೀರು — ಇವುಗಳ ನಡುವೆ ತುಲಸಿ ಅಷ್ಟು ದಿನ ಬದುಕಿದ್ದುದೇ ಆಶ್ಚರ್ಯ. ನಮ್ಮ ತಾಯಿಯವರು ಎಲ್ಲವನ್ನೂ ನೋಡಿದರು. ಸೊಸೆಯ ಕೈಗೆ ನೀರು ಹಾಕಿ ಕೆಸರನ್ನು ತೊಳೆಯಿಸಿ, “ತಿಳಿಯದೆ ಹೋಯಿತಮ್ಮ” ಎಂದರು. ಅಷ್ಟೇ ಮಾತು. ಆ ಬಂಧುಗಳಿಗೆ ಮಾತ್ರ ತಾವೇ ದೂರವಾಣಿಯಲ್ಲಿ ಎಲ್ಲವನ್ನೂ ವಿವರವಾಗಿ ತಿಳಿಸಿದರು.

ತುಲಸಿಯ ಸ್ವಭಾವವನ್ನು ಕುರಿತು ಅಂದು ಅವಳಿಂದ ಕೇಳಿದ ಮತ್ತೊಂದು ಸಂಗತಿಯನ್ನೂ ಹೇಳಬೇಕು. ತೆನೆಗಳನ್ನು ಗಿಡದಲ್ಲಿಯೇ ಬಲಿಯಲು ಬಿಟ್ಟರೆ, ಗಿಡ ತನ್ನ ಸಾರವನ್ನೆಲ್ಲ ಬೀಜಕ್ಕೆ ಕೊಟ್ಟು ತಾನು ಬಡವಾಗುವುದು. ತೆನೆ ಎಳೆಯದಾಗಿರುವಾಗಲೇ ಚಿವುಟುತ್ತ ಬಂದರೆ ಕವಲೊಡೆದು ಪೊದೆಯಾಗಿ ಬಹುಕಾಲ ಬಾಳುವುದು. ಹಿಂದಿನವರು ನಿತ್ಯವೂ ತುಲಸಿಯ ಮಂಜರಿಯನ್ನು ದೇವರಿಗೆ ಅರ್ಪಿಸುತ್ತಿದ್ದುದರಿಂದ ಈ ಕೆಲಸ ತಾನಾಗಿಯೇ ನಡೆದುಹೋಗುತ್ತಿದ್ದಿತು. ನಾವು ಗಿಡದ ಮೇಲಿನ ಭಕ್ತಿಯಿಂದ ಅದನ್ನು ಮುಟ್ಟದೆ ಬಿಟ್ಟು ಅದಕ್ಕೆ ಅಪಕಾರವನ್ನೇ ಮಾಡಿದೆವು. ಆದರೂ ಬಲಿತ ಆ ತೆನೆಗಳೇ ಕಡೆಗೆ ನಮ್ಮನ್ನು ಕಾಪಾಡಿದವು: ಒಣಗಿದ ಗಿಡದ ತೆನೆಗಳನ್ನು ಹುಡುಗಿ ಕಾಗದದಲ್ಲಿ ಉಜ್ಜಿ, ಸಾಸಿವೆಗಿಂತ ಚಿಕ್ಕದಾದ ಕಪ್ಪುಬೀಜಗಳನ್ನು ಒಂದು ಹಿಡಿ ತೆಗೆದಿಟ್ಟಳು.

ಚಳಿಗಾಲದಲ್ಲಿ ಏನು ಸಾಯುವುದೆಂಬುದನ್ನು ಇಷ್ಟು ಹೇಳಿದ ಮೇಲೆ, ಏನು ಬಾಳುವುದೆಂಬುದನ್ನೂ ಹೇಳಬೇಕಲ್ಲವೇ? ಈ ಕಾಲಕ್ಕೇ ಕಾದಿದ್ದು ಹೂ ಬಿಡುವ ಗಿಡಗಳುಂಟು. ಅವುಗಳಲ್ಲಿ ನಮಗೆ ಬಹು ಹತ್ತಿರವಾದವು ಅವರೆಯೂ ಸೇವಂತಿಗೆಯೂ. ಇವು ಕಾಯುವುದು ಚಳಿಗಾಗಿ ಅಲ್ಲ, ದೀರ್ಘವಾದ ರಾತ್ರಿಗಳಿಗಾಗಿ. ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲು ೧೩ ಗಂಟೆಗೆ ಸ್ವಲ್ಪವೇ ಕಡಮೆಯಾಗಿದ್ದರೆ ಡಿಸೆಂಬರಿನ ಹಗಲು ಹನ್ನೊಂದೂವರೆ ಗಂಟೆಗಿಂತಲೂ ಕಿರಿದು. ಈ ವ್ಯತ್ಯಾಸವನ್ನು ಗಿಡಗಳು ಗುರುತಿಸಿ ಹೂ ಬಿಡುವ ಕಾಲವನ್ನು ನಿರ್ಣಯಿಸುವುವೆಂಬುದನ್ನು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು ಹೊಗೆಸೊಪ್ಪು, ಸೋಯಾ ಅವರೆ ಮುಂತಾದ ಗಿಡಗಳ ಮೇಲೆ ಪ್ರಯೋಗ ನಡೆಸಿ ೧೯೨೦ರಲ್ಲಿ ಪ್ರಕಟಿಸಿದರು. ನಮ್ಮ ರೈತರು ಕಾರಣವನ್ನು ಅರಿಯದಿದ್ದರೂ ಕಾರ್ಯವನ್ನು ಅರಿತಿದ್ದರು: ಆಷಾಢ ಶ್ರಾವಣಗಳಲ್ಲಿ ರಾಗಿಯ ಹೊಲದ ಸಾಲುಗಳಲ್ಲಿ ಬಿತ್ತಿದ ಅವರೆ, ಹಗಲು ಕುಗ್ಗಿದ ಮೇಲೆ ಹೂವಾಗಿ, ಮಂಜು ಬೀಳುವ ಹೊತ್ತಿಗೆ ಕಾಯಾಗುವುದೆಂಬುದು ಅವರಿಗೆ ತಲೆತಲಾಂತರದಿಂದ ತಿಳಿದಿದ್ದ ಸಂಗತಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹೊರತಂದಿರುವ ಹೆಬ್ಬಾಳ ಅವರೆಯ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ಬೇರೆ ಕಾಲಗಳಲ್ಲಿಯೂ ಕಾಯಿ ಬಿಡುವುವು. ಹಿತ್ತಲಿನಲ್ಲಿ ಬೆಳೆಯುವವರಿಗೆ ಇವು ಅನುಕೂಲ. ಆದರೂ ಮಂಜು ಬಿದ್ದ ಕಾಲದ ಕಾಯಿಯ ಸೊಗಡೇ ಬೇರೆಯೆಂದು ಹಳಬರು ಹೇಳುವುದನ್ನು ನಾವು ಅಲ್ಲಗಳೆಯಲಾರೆವು.

ಸೇವಂತಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆಯುಂಟು. ಕುಂಡ ಚೆನ್ನಾಗಿ ಬೆಳೆದಿದೆ, ಮೊಗ್ಗು ಮಾತ್ರ ಕಾಣದು ಎಂದು ಕೆಲವರು ದೂರುವರು. ಆ ಕುಂಡವನ್ನು ಎಲ್ಲಿಟ್ಟಿರುವರೆಂದು ನೋಡಿದರೆ ರಾತ್ರಿಯೆಲ್ಲ ಉರಿಯುವ ಬಾಗಿಲ ದೀಪದ ಕೆಳಗೋ ಬೀದಿದೀಪದ ಎದುರಿಗೋ ಇರುವುದು. ಕತ್ತಲನ್ನೇ ಕಾಣದ ಗಿಡ ಇನ್ನೂ ಬೇಸಗೆಯ ನಡುವೆ ಇರುವೆನೆಂದು ಬಗೆದು ಎಲೆಗಳನ್ನೇ ಬೆಳೆಸುತ್ತಿರುವುದು. ಚಿಕ್ಕಬಳ್ಳಾಪುರದ ಕಡೆಯ ತೋಟಗಾರರು ಇದನ್ನೇ ಉಪಾಯವಾಗಿ ಮಾಡಿಕೊಂಡು, ಹೂವನ್ನು ಮುಂದೂಡಬೇಕಾದಾಗ ಹೊಲದಲ್ಲಿ ವಿದ್ಯುದ್ದೀಪಗಳ ಸಾಲನ್ನು ಕಟ್ಟಿ ರಾತ್ರಿಯ ಹೊತ್ತು ಉರಿಸುವರು. ದೂರದಿಂದ ನೋಡುವವರಿಗೆ ಅದು ಜಾತ್ರೆಯೋ ಎಂಬಂತೆ ತೋರುವುದು. ಮನೆಯ ಸೇವಂತಿಗೆಗೆ ಬೇಕಾದುದು ಇದಕ್ಕೆ ವಿರುದ್ಧ: ಹಗಲಿನಲ್ಲಿ ತುಂಬು ಬಿಸಿಲು, ರಾತ್ರಿಯಲ್ಲಿ ತುಂಬು ಕತ್ತಲು.

ಚಳಿಗಾಲದ ಹೂಗಳ ವೈಭವವನ್ನು ಒಂದೆಡೆ ನೋಡಬೇಕೆಂಬವರು ಜನವರಿಯಲ್ಲಿ ಲಾಲ್‌ಬಾಗಿಗೆ ಹೋಗಬಹುದು. ೧೭೬೦ರಲ್ಲಿ ಹೈದರಾಲಿಯು ಆರಂಭಿಸಿದ ಈ ತೋಟದಲ್ಲಿ, ೧೮೮೯ರಲ್ಲಿ ಅಸ್ತಿವಾರ ಬಿದ್ದ ಗಾಜಿನ ಮನೆಯೊಳಗೆ, ಗಣರಾಜ್ಯೋತ್ಸವದ ಸುಮಾರಿಗೆ ನಡೆಯುವ ಪುಷ್ಪಪ್ರದರ್ಶನವನ್ನು ನೋಡದ ಬೆಂಗಳೂರಿಗರು ವಿರಳ. ೧೯೦೮ರಲ್ಲಿ ಲಾಲ್‌ಬಾಗಿನ ಅಧಿಕಾರವನ್ನು ವಹಿಸಿದ ಕ್ರುಂಬಿಗೆಲ್ ಎಂಬ ಜರ್ಮನ್ ಮಹನೀಯರು, ಒಂದು ಜಾತಿಯ ಮರ ಹೂ ಮುಗಿಸಿದ ಹೊತ್ತಿಗೆ ಮತ್ತೊಂದು ಜಾತಿಯದು ಹೂ ತೊಡಗುವಂತೆ ಊರಿನ ಬೀದಿಗಳಲ್ಲಿ ಮರಗಳನ್ನು ನೆಡಿಸುವ ಯೋಜನೆಯನ್ನು ಹಾಕಿದರು. ಚಳಿ ಇಳಿಯುವ ದಿನಗಳಲ್ಲಿ ಎಲೆಯುದುರಿಸಿ ಗುಲಾಬಿಬಣ್ಣದ ಹೂವನ್ನು ಹೊದ್ದು ನಿಲ್ಲುವ ಟಬೂಬಿಯ ಮರಗಳನ್ನು ನೋಡುವಾಗ ಆ ಬಗೆಯ ಮುಂದಾಲೋಚನೆಯ ಬೆಲೆ ನಮಗೆ ತಿಳಿಯುವುದು. ಪುಷ್ಪಪ್ರದರ್ಶನವನ್ನು ನೋಡಿ ಬಂದು ಅಂದೇ ಬೀಜಕೊಂಡು ಬಿತ್ತುವವರು ಒಂದು ಮಾತನ್ನು ನೆನಪಿಡಬೇಕು: ಅಲ್ಲಿ ಅರಳಿರುವ ಪೆಟೂನಿಯ, ಫ್ಲಾಕ್ಸ್, ಪ್ಯಾನ್ಸಿ ಮುಂತಾದವುಗಳನ್ನು ತಿಂಗಳುಗಟ್ಟಲೆ ಮುಂಚೆಯೇ ಬಿತ್ತಿ ಬೆಳೆಸಿರುವರು. ಜನವರಿಯ ಹೂವಿಗೆ ಸೆಪ್ಟೆಂಬರ್ ಅಕ್ಟೋಬರಿನಲ್ಲಿಯೇ ಬೀಜ ಬೀಳಬೇಕು.

ತಡವಾಗಿ ಎಚ್ಚೆತ್ತವರು ನಿರಾಶರಾಗಬೇಕಾದುದಿಲ್ಲ. ಅಡಿಗೆಮನೆಗೆ ಬೇಕಾದುದನ್ನು ಮಾರ್ಗಶಿರ ಪುಷ್ಯಗಳಲ್ಲಿಯೂ ಬಿತ್ತಬಹುದು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರ, ಇವುಗಳನ್ನು ಬೆರಸಿ ಅಗಲವಾದ ತೊಟ್ಟಿಯಲ್ಲಿ ತುಂಬಿದರೆ ಪಾತಿ ಸಿದ್ಧವಾಯಿತು. ಬೇಸಗೆಯಲ್ಲಿ ಬೇಗನೆ ಹೂವಿಗೆ ಬಂದು ಕೆಡುವ ಕೊತ್ತಂಬರಿ ಈ ಕಾಲದಲ್ಲಿ ತಾಳಿಕೊಂಡು ಸೊಪ್ಪು ಕೊಡುವುದು. ಅಂಗಡಿಯ ಧನಿಯವನ್ನು ಮೆಲ್ಲನೆ ತಿಕ್ಕಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಯಿಟ್ಟು ಬಿತ್ತಬೇಕು. ಹತ್ತು ಹದಿನೈದು ದಿನ ಮೊಳೆಯದಿದ್ದರೆ ಬೇಸರಿಸತಕ್ಕದ್ದಲ್ಲ. ಮೆಂತ್ಯವಾದರೆ ನಾಲ್ಕೈದು ದಿನಗಳಲ್ಲಿ ಮೊಳೆತು ಒಂದು ತಿಂಗಳೊಳಗೆ ಸೊಪ್ಪಾಗುವುದು. ಮೂಲಂಗಿಗೆ ಒಂದೂವರೆ ತಿಂಗಳು ಸಾಕು. ಎಲೆಕೋಸು, ನವಿಲುಕೋಸು, ಬಟಾಣಿ, ಕ್ಯಾರೆಟ್ಟುಗಳನ್ನು ಮಾತ್ರ ಕಾರ್ತಿಕ ಮುಗಿಯುವುದರೊಳಗೆ ಹಾಕಿಕೊಳ್ಳುವುದು ಲೇಸು. ಚಳಿಗಾಲದ ಚಿಗುರಿಗೆ, ಅದರಲ್ಲಿಯೂ ಅವರೆಯ ತುದಿಗೆ, ಕಪ್ಪುಹೇನು ಮುತ್ತುವುದುಂಟು. ಮೊದಲಲ್ಲಿ ನೀರಿನ ರಭಸದಿಂದಲೇ ತೊಳೆದುಬಿಡಬಹುದು. ಹೆಚ್ಚಾದರೆ ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆಯನ್ನೂ ಕೆಲವು ತೊಟ್ಟು ಸೋಪಿನ ನೀರನ್ನೂ ಕದಡಿ ಸಂಜೆಯ ಹೊತ್ತು ಎಲೆಯ ಕೆಳಮೈಗೆ ಸಿಂಪಡಿಸುವುದು. ಗುಲಾಬಿಯ ಎಲೆಗೆ ಬೂದಿ ಎರಚಿದಂತಹ ರೋಗ ತಗುಲಿದರೆ, ಕೆಟ್ಟ ಎಲೆಗಳನ್ನು ಕಿತ್ತು, ಕುಂಡಗಳ ನಡುವೆ ಗಾಳಿಯಾಡುವಂತೆ ದೂರ ದೂರ ಇಡತಕ್ಕದ್ದು.

ಇನ್ನು ವಿಶ್ರಾಂತಿ ಬೇಡುವ ಗಿಡಗಳ ಮಾತು. ದುಂಡುಮಲ್ಲಿಗೆ ಚಳಿಗಾಲದಲ್ಲಿ ನಿದ್ರಿಸುವ ಗಿಡ. ನವೆಂಬರಿನ ಕಡೆಯಲ್ಲಿ ಅದಕ್ಕೆ ನೀರನ್ನು ಕಡಮೆಮಾಡಿ, ಒಣಗಿದ ಮತ್ತು ಬಡಕಲು ಕಡ್ಡಿಗಳನ್ನು ಕತ್ತರಿಸಿ ಬಿಟ್ಟರೆ ಚಳಿ ಇಳಿದೊಡನೆ ಚಿಗುರಿ ಮೊಗ್ಗು ಹೊರುವುದು. ಈಗ ಹೂವಿಲ್ಲವೆಂದು ಗೊಬ್ಬರ ನೀರುಗಳನ್ನು ಸುರಿಯುವುದರಿಂದ ಫಲವಿಲ್ಲ. ಮುಡಿಯುವವರಿಗೆ ಈ ತಿಂಗಳುಗಳಲ್ಲಿ ಕಾಕಡವುಂಟು, ಸೇವಂತಿಗೆಯುಂಟು. ಮನೆಯೊಳಗಿರಿಸುವ ಮನಿ ಪ್ಲಾಂಟ್, ಕ್ರೋಟನ್, ಜರಿಗಿಡ ಮುಂತಾದವುಗಳಿಗೂ ಈಗ ಗೊಬ್ಬರವನ್ನು ನಿಲ್ಲಿಸಿ, ಕಿಟಕಿಯ ಹತ್ತಿರಕ್ಕೆ ಸರಿಸಿ, ಎಲೆಗಳ ಮೇಲಿನ ಧೂಳನ್ನು ಒದ್ದೆಬಟ್ಟೆಯಿಂದ ಒರಸುವುದು ಸಾಕಾದಷ್ಟು ಉಪಚಾರ. ಲೋಳೆಸರದಂತಹ ದಪ್ಪ ಎಲೆಯ ಗಿಡಗಳು ಎರಡು ಮೂರು ವಾರ ನೀರಿಲ್ಲದಿದ್ದರೂ ಮುನಿಯುವುದಿಲ್ಲ. ಎರಡು ಮೂರು ದಿನ ನೀರು ನಿಂತರೆ ಮುನಿಯುವುವು.

ಗಿಡಗಳನ್ನು ಬಿಸಿಲಿಗೆ ಸರಿಸಿದಂತೆ ಮನೆಯ ಜನರನ್ನೂ ಸ್ವಲ್ಪ ಬಿಸಿಲಿಗೆ ಸರಿಸಬೇಕೆಂಬುದು ನಮ್ಮ ಬಿನ್ನಹ. ಎಳೆಬಿಸಿಲು ಹಿತವಾದುದು ನಿಜ. ಆದರೆ ಎಲುಬುಗಳಿಗೆ ಬೇಕಾದ ಡಿ ಜೀವಸತ್ತ್ವವು ನಮ್ಮ ಚರ್ಮದಲ್ಲಿ ಉಂಟಾಗುವುದಕ್ಕೆ ಹತ್ತು ಗಂಟೆಯ ಅನಂತರದ ಬಿಸಿಲೇ ಹೆಚ್ಚು ಸಹಾಯಕ. ಬೇಸಗೆಯಲ್ಲಿ ಆ ಹೊತ್ತಿನಲ್ಲಿ ಹೊರಗೆ ಕೂರಲಾಗದು. ಪುಷ್ಯಮಾಸದಲ್ಲಿ ಕೂರದಿದ್ದರೆ ನಷ್ಟ. ಹನ್ನೊಂದು ಗಂಟೆಯ ಹೊತ್ತಿಗೆ ಹಿತ್ತಲಿನಲ್ಲಿಯೋ ತಾರಸಿಯ ಮೇಲೋ ಒಂದು ಚಾಪೆ ಹಾಸಿ, ನಡುವೆ ಅವರೆಕಾಯಿಯ ರಾಶಿಯನ್ನು ಸುರಿದುಕೊಂಡು ಕುಳಿತರೆ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರಿಗೂ ಕೆಲಸವುಂಟು: ಒಬ್ಬರು ಸುಲಿಯುವುದು, ಒಬ್ಬರು ಹುಳುಕನ್ನು ಆರಿಸುವುದು, ನೆನೆದ ಕಾಳನ್ನು ಹಿತಕಿ ಬೇಳೆ ತೆಗೆಯುವುದು ಮಕ್ಕಳ ಪಾಲು. ಹಿತಕಿದ ಬೇಳೆಯ ಸಾರಿನ ರುಚಿಯಲ್ಲಿ ಅರ್ಧ ಪಾಲು ಆ ಬಿಸಿಲಿನದೆಂದರೆ ತಪ್ಪಾಗಲಾರದು.

ಹೊಂಗೆ ಮುಂತಾದ ಮರಗಳು ಎಲೆಯುದುರಿಸುವ ಕಾಲವೂ ಇದೇ. ಗುಡಿಸಿದ ತರಗೆಲೆಗೆ ಬೆಂಕಿ ಹಾಕಿ ಸುತ್ತ ನಿಂತು ಕೈ ಕಾಯಿಸಿಕೊಳ್ಳುವ ಪದ್ಧತಿಯನ್ನು ಬಿಡಬೇಕು. ಚಳಿಗಾಲದ ಬೆಳಿಗ್ಗೆ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಭಾರವಾಗಿರುವುದರಿಂದ ಹೊಗೆ ಮೇಲಕ್ಕೇಳದೆ ನೆರೆಹೊರೆಯ ಮಕ್ಕಳ ಮತ್ತು ಮುದುಕರ ಎದೆಯನ್ನೇ ಸೇರುವುದು. ಅದೇ ಎಲೆಯನ್ನು ಪಾತಿಯ ಮೇಲೆ ಎರಡು ಮೂರು ಬೆರಳು ದಪ್ಪಕ್ಕೆ ಹರಡಿದರೆ ಮುಂಬರುವ ಬೇಸಗೆಯಲ್ಲಿ ಮಣ್ಣಿನ ತೇವವನ್ನು ಕಾಯುವುದು. ಗುಂಡಿಯಲ್ಲಿ ಕೊಳೆಯಿಸಿದರೆ ಗೊಬ್ಬರವಾಗುವುದು.

ಹೀಗೆ ಉತ್ಥಾನ ದ್ವಾದಶಿಯಿಂದ ತೊಡಗಿದ ಚಳಿಗಾಲದ ತೋಟಗಾರಿಕೆ ಮಾಘಮಾಸದ ರಥಸಪ್ತಮಿಗೆ ಒಂದು ಸುತ್ತನ್ನು ಮುಗಿಸುವುದು. ಅಂದಿನಿಂದ ಬಿಸಿಲು ಬಲಿಯುವುದು. ಕುಂಡಗಳ ಮಣ್ಣನ್ನು ಬದಲಾಯಿಸುವುದಕ್ಕೂ, ಸೋರೆ ಹೀರೆ ಬೆಂಡೆಗಳ ಬೀಜ ಹಾಕುವುದಕ್ಕೂ, ನೀರಿನ ಪ್ರಮಾಣವನ್ನು ಮೆಲ್ಲಮೆಲ್ಲನೆ ಹೆಚ್ಚಿಸುವುದಕ್ಕೂ ಅದು ಸಕಾಲ.

ನಮ್ಮ ಮನೆಯಲ್ಲಿ ಆ ವರ್ಷ ರಥಸಪ್ತಮಿಯ ಮರುದಿನ ಬೃಂದಾವನದ ತಳಕ್ಕೆ ಹೊಸದಾಗಿ ತೂತು ಕೊರೆಯಿಸಿ, ಅದರ ಮೇಲೆ ಹೆಂಚಿನ ಚೂರುಗಳನ್ನೂ ಜಲ್ಲಿಯನ್ನೂ ಹಾಸಿ ಹೊಸ ಮಣ್ಣು ತುಂಬಿದೆವು. ಬೃಂದಾವನವನ್ನು ಬಿಸಿಲಿರುವ ಕಡೆಗೆ ಸರಿಸುವಂತಿರಲಿಲ್ಲ; ಆದುದರಿಂದ ತಾರಸಿಯ ಮೇಲೆ ಮಡಕೆಯೊಂದರಲ್ಲಿ ಬೀಜ ಹಾಕಿ, ನೆರಳು ಹಿಂದೆಗೆದ ಮೇಲೆ ಸಸಿಯನ್ನು ಕೆಳಗೆ ತಂದು ನೆಡುವುದೆಂದು ನಿಶ್ಚಯಿಸಿದೆವು. ಬೀಜ ಹಾಕಿದವಳು ಸೊಸೆ. ದಿನವೂ ಮೆಟ್ಟಿಲು ಹತ್ತಿ ನೋಡುತ್ತಿದ್ದವರು ನಮ್ಮ ತಾಯಿಯವರು. ಹನ್ನೆರಡನೆಯ ದಿನ ಮೊಳಕೆ ಕಂಡಿತು. ಯುಗಾದಿಯ ಹೊತ್ತಿಗೆ ನಮಗೆ ಬೇಕಾದುದಕ್ಕಿಂತ ಬಹಳ ಹೆಚ್ಚು ಸಸಿಗಳಿದ್ದುದರಿಂದ ಅವುಗಳನ್ನು ತೆಂಗಿನ ಚಿಪ್ಪುಗಳಲ್ಲಿ ನೆಟ್ಟು ನೆಂಟರಿಷ್ಟರಿಗೆ ಹಂಚಿದೆವು. ಮೊದಲನೆಯ ಸಸಿಯನ್ನು ಯಾರಿಗೆ ಕೊಡಬೇಕೆಂದು ತಾಯಿಯವರೇ ಹೇಳಿದರು. ಧನುರ್ಮಾಸದಲ್ಲಿ ಬಂದಿದ್ದ ಆ ಬಂಧುಗಳ ಮನೆಗೆ ಅದನ್ನು ಸೊಸೆಯ ಕೈಯಲ್ಲಿಯೇ ಕೊಟ್ಟುಕಳುಹಿಸಿದರು. ಜೊತೆಗೆ, “ಚಿಪ್ಪಿನ ತಳಕ್ಕೆ ತೂತು ಮಾಡಿದೆ, ಮುಚ್ಚಬೇಡಿರೆಂದು ಹೇಳಮ್ಮ” ಎಂಬ ಮಾತನ್ನೂ.

ವಾಚಕರ ಮನೆಯಲ್ಲಿಯೂ ಈ ಪುಷ್ಯದಲ್ಲಿ ಯಾವುದಾದರೂ ಗಿಡ ಬಾಡಿದ್ದರೆ, ಅದಕ್ಕೆ ಚಳಿಯನ್ನಾಗಲಿ ಯಾರದೋ ಕಾಲ್ಗುಣವನ್ನಾಗಲಿ ದೂರುವ ಮುನ್ನ ದಯಮಾಡಿ ಒಮ್ಮೆ ಬೆರಳನ್ನು ಮಣ್ಣಿಗೆ ಇಳಿಸಿ ನೋಡಬೇಕು. ಕುಂಡವನ್ನು ಎತ್ತಿ ತಳದ ತೂತನ್ನು ಪರೀಕ್ಷಿಸಬೇಕು. ನಡುಹಗಲಿನಲ್ಲಿ ನೆರಳು ಎಲ್ಲಿದೆಯೆಂದು ಗಮನಿಸಬೇಕು. ಇಷ್ಟಕ್ಕೆ ಐದು ನಿಮಿಷದ ಕೆಲಸವೂ ಇಲ್ಲ.